ಸೀಮೆಸುಣ್ಣದ ಮನೆ

"ನಮ್ಮನೆ ಮುಂದಿನ ಕಟ್ಟೆ ಒಡೀತಾರಂತೆ. ನೋಡಂಗಿದ್ರೆ ಬಂದು ನೋಡ್ಕೊಂಡು ಹೋಗು" ಎಂದು ಅವ್ವ ಫೋನು ಮಾಡಿದಾಗ ನಾನು ಹಾಸ್ಟೆಲ್ಲಿನ ಕೋಣೆಯಲ್ಲಿ ಕುಳಿತು ಲಂಡನ್ನಿನ ಯಾರದೋ ಮನೆಯ ಒಳಗನ್ನು ನೋಡುತ್ತಿದ್ದೆ. ಪಿಎಚ್‌ಡಿಗೆ ಸೇರಿ ಆರು ತಿಂಗಳಾಗಿತ್ತು. ವಿಡಿಯೊ ಕಲೆಯಲ್ಲಿ ವಸತಿ ಕಟ್ಟಡಗಳು ಎನ್ನುವುದು ನನ್ನ ವಿಷಯ. ಅದನ್ನು ಅವ್ವನಿಗೆ ಹೇಗೆ ಹೇಳುವುದೆಂದು ತಿಳಿಯದೆ "ಮನೆಗಳ ಬಗ್ಗೆ ಓದ್ತಿದೀನಿ" ಎಂದಿದ್ದೆ. "ಮನೆ ಬಗ್ಗೆ ಓದಾಕೆ ಮನೆ ಬಿಟ್ಟು ಹೋಗ್ಬೇಕೇನು?" ಎಂದು ಅವಳು ಕೇಳಿದ್ದಳು. ಆ ಪ್ರಶ್ನೆಗೆ ಈಗಲೂ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.

ನಾನು ನೋಡುತ್ತಿದ್ದುದು ಕೊರಿಯಾದ ಕಲಾವಿದ ಡು ಹೋ ಸುಹ್ ಮಾಡಿದ ವಿಡಿಯೊದ ತುಣುಕುಗಳನ್ನು. ಪೂರ್ವ ಲಂಡನ್ನಿನ ಪಾಪ್ಲರ್ ಎಂಬಲ್ಲಿ ರಾಬಿನ್ ಹುಡ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯವಿತ್ತು. ಆಲಿಸನ್ ಮತ್ತು ಪೀಟರ್ ಸ್ಮಿತ್‌ಸನ್ ಎಂಬ ವಾಸ್ತುಶಿಲ್ಪಿ ದಂಪತಿ ವಿನ್ಯಾಸ ಮಾಡಿದ, 1972ರಲ್ಲಿ ಮುಗಿದ, 213 ಮನೆಗಳ ಎರಡು ಉದ್ದನೆಯ ಕಾಂಕ್ರೀಟ್ ಕಟ್ಟಡಗಳು. ಬಾಡಿಗೆಗೆ ಇರುವ ಬಡವರಿಗಾಗಿ ಸರ್ಕಾರಿ ಹಣದಲ್ಲಿ ಕಟ್ಟಿದ್ದು. ಮನೆಗಳ ಮುಂದೆ ಮೇಲಿನ ಮಹಡಿಗಳಲ್ಲೂ ಅಗಲವಾದ ಓಣಿಗಳಿದ್ದವು. ಅವುಗಳನ್ನು ಸ್ಮಿತ್‌ಸನ್ ದಂಪತಿ 'ಆಕಾಶದ ಬೀದಿಗಳು' ಎಂದು ಕರೆದಿದ್ದರು. ಅಕ್ಕಪಕ್ಕದವರು ನಿಂತು ಮಾತಾಡಬೇಕು, ಮಕ್ಕಳು ಆಡಬೇಕು ಎಂಬ ಆಸೆ ಅವರದು. 2017ರಲ್ಲಿ ಒಂದು ಕಟ್ಟಡವನ್ನು ಒಡೆಯಲು ಶುರು ಮಾಡಿದರು. ಆ ಜಾಗದಲ್ಲಿ, ಸುತ್ತಲಿನ ಜಮೀನೂ ಸೇರಿದಂತೆ, 1,500ಕ್ಕೂ ಹೆಚ್ಚು ಮನೆಗಳ ಹೊಸ ಯೋಜನೆ ಬರುವುದಿತ್ತು. ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಕಟ್ಟಡದ ಮೂರು ಮಹಡಿ ಎತ್ತರದ ಒಂದು ತುಂಡನ್ನು ಉಳಿಸಿಕೊಂಡು, 2018ರಲ್ಲಿ ವೆನಿಸ್‌ನ ವಾಸ್ತುಶಿಲ್ಪ ಪ್ರದರ್ಶನದಲ್ಲಿ ಅದರ ಭಾಗಗಳನ್ನು ನಿಲ್ಲಿಸಿತು. ಅದರ ಜೊತೆಗೆ ತೋರಿಸಲೆಂದು ಸುಹ್ ಈ ವಿಡಿಯೊ ಮಾಡಿದ್ದರು.

ಅದರಲ್ಲಿ ಕ್ಯಾಮೆರಾ ಅವಸರವಿಲ್ಲದೆ ಗೋಡೆಗಳನ್ನೂ ಮಹಡಿಗಳನ್ನೂ ದಾಟಿ ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುತ್ತದೆ. ಎಲ್ಲ ಮನೆಗಳ ಅಚ್ಚು ಒಂದೇ. ಆದರೆ ಒಂದೊಂದರ ಒಳಗೂ ಬೇರೆ ಪರದೆ, ಬೇರೆ ಸೋಫಾ, ಬೇರೆ ಬದುಕು. ಖಾಲಿಯಾದ ಮನೆಯೂ ಉಂಟು, ಇನ್ನೂ ಜನ ಇರುವ ಮನೆಯೂ ಉಂಟು. ನನಗೆ ಅದು ತುಂಬ ಹಿಡಿಸಿತ್ತು. ಅವ್ವನ ಫೋನು ಬಂದಾಗ ಮೊದಲು ಹೊಳೆದದ್ದು ಕೂಡ ಅದೇ: ನಾನೂ ಹಾಗೆ ನಮ್ಮ ಬೀದಿಯನ್ನು ಚಿತ್ರಿಸಬಹುದಲ್ಲ! ಕಟ್ಟೆ ಹೋಗುತ್ತದೆ ಎಂಬುದಲ್ಲ, ಕಟ್ಟೆಯ ವಿಡಿಯೊ ಸಿಗುತ್ತದೆ ಎಂಬುದು. ಇದನ್ನು ಒಪ್ಪಿಕೊಂಡೇ ಮುಂದೆ ಹೇಳಬೇಕು.

ನಮ್ಮದು ದಾವಣಗೆರೆಯ ಮಂಡಿಪೇಟೆ. ಹೆಸರೇ ಹೇಳುವಂತೆ ಸಗಟು ವ್ಯಾಪಾರದ ಜಾಗ. ಮುಂದೆ ಮಂಡಿ, ಹಿಂದೆ ಅಥವಾ ಮಹಡಿಯ ಮೇಲೆ ಮನೆ, ಮಂಡಿಗೂ ಬೀದಿಗೂ ನಡುವೆ ಒಂದು ಕಟ್ಟೆ. ಲಾರಿಯಿಂದ ಇಳಿಸಿದ ಚೀಲ ಮೊದಲು ಕೂರುವುದು ಕಟ್ಟೆಯ ಮೇಲೆ. ಹಮಾಲರು ಬೀಡಿ ಸೇದುವುದು, ಮಧ್ಯಾಹ್ನ ಮಂಡಕ್ಕಿ ಮೆಣಸಿನಕಾಯಿ ತಿನ್ನುವುದು, ಸಂಜೆ ಹೆಂಗಸರು ಅವರೆಕಾಯಿ ಸುಲಿಯುವುದು ಎಲ್ಲ ಅಲ್ಲಿಯೇ. ಲಂಡನ್ನಿನಲ್ಲಿ ಆಕಾಶಕ್ಕೆ ಏರಿಸಲು ಹೊರಟ ಬೀದಿ ನಮ್ಮಲ್ಲಿ ನೆಲದಿಂದ ಎರಡು ಅಡಿ ಎತ್ತರದಲ್ಲಿತ್ತು. ದೊಡ್ಡ ವ್ಯಾಪಾರವೆಲ್ಲ ಎಪಿಎಂಸಿ ಯಾರ್ಡಿಗೆ ಹೋದ ಮೇಲೆ ಪೇಟೆಯ ಗದ್ದಲ ಕಡಿಮೆಯಾಯಿತು ಎಂದು ಅಪ್ಪ ಹೇಳುತ್ತಾರೆ. ನಾನು ಕಂಡದ್ದು ಆ ಉಳಿದ ಗದ್ದಲವನ್ನೇ, ಅದೇ ನನಗೆ ಸಾಕಷ್ಟಾಗಿತ್ತು.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆಗೆ ಮೊದಲ 20 ನಗರಗಳನ್ನು ಆರಿಸಿತು. ಕರ್ನಾಟಕದಿಂದ ಬೆಳಗಾವಿ ಮತ್ತು ದಾವಣಗೆರೆ. ಆ ದಿನ ಊರಲ್ಲಿ ಹಬ್ಬದಂತಿತ್ತು. ಹಳೇ ಪೇಟೆಯ ರಸ್ತೆಗಳು, ಮಂಡಕ್ಕಿ ಭಟ್ಟಿಗಳು ಎಲ್ಲ ಆ ಯೋಜನೆಯ ಲೆಕ್ಕಕ್ಕೆ ಬಂದವು. ನಮ್ಮ ಓಣಿಗೂ ಕೆಲಸ ಬಂತು. ಚರಂಡಿ, ಕೇಬಲ್ಲು, ಪಾದಚಾರಿ ಮಾರ್ಗ. ಅದಕ್ಕೆ ಕಟ್ಟೆಯ ಜಾಗ ಬೇಕಿತ್ತು.

ನಾನು ಊರಿಗೆ ಹೋಗಿ ಎರಡು ದಿನ ಕ್ಯಾಮೆರಾ ಹಿಡಿದೆ. ಟ್ರೈಪಾಡಿನ ಮೇಲೆ ನಿಲ್ಲಿಸಿ ಕಟ್ಟೆಯನ್ನು ಹತ್ತು ಹತ್ತು ನಿಮಿಷ ಅಲ್ಲಾಡಿಸದೆ ಚಿತ್ರಿಸಿದೆ. ಮೂರನೆಯ ದಿನ ಯಂತ್ರ ಬಂತು. ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯಿತು. ಅವ್ವ ಅಳುತ್ತಾಳೆಂದುಕೊಂಡು ಅವಳ ಕಡೆಗೂ ಕ್ಯಾಮೆರಾ ತಿರುಗಿಸಿದೆ. ಅವಳು ಸೆರಗಿನಿಂದ ಧೂಳು ಝಾಡಿಸಿಕೊಳ್ಳುತ್ತ, "ನಮ್ದೇನಲ್ಲ ಬಿಡು ಅದು. ಬಾಡಿಗಿ ಮನಿಯವ್ರು ನಾವು" ಎಂದಳು. ಅಪ್ಪ ಗುಮಾಸ್ತರು. ಮನೆ ನಮ್ಮದಲ್ಲ, ಮಂಡಿ ನಮ್ಮದಲ್ಲ, ಕಟ್ಟೆಯೂ ನಮ್ಮದಲ್ಲ. ಇಪ್ಪತ್ತೆಂಟು ವರ್ಷ ದಿನಾ ಸಾರಿಸಿದ್ದು ಮಾತ್ರ ಅವ್ವ.

ಆ ವಿಡಿಯೊವನ್ನು ವಿಭಾಗದ ಸೆಮಿನಾರಿನಲ್ಲಿ ತೋರಿಸಿದೆ. ಎಲ್ಲರೂ ಮೆಚ್ಚಿದರು. ಬಿಸಿಲು ಕಟ್ಟೆಯ ಮೇಲೆ ಸರಿಯುವುದು ಚೆನ್ನಾಗಿದೆ, ಗಾರೆಯ ಬಿರುಕು ನಕಾಶೆಯಂತೆ ಕಾಣುತ್ತದೆ ಎಂದರು. ನನಗೂ ಹಿಗ್ಗಾಯಿತು. ರಾತ್ರಿ ಮತ್ತೊಮ್ಮೆ ನೋಡುವಾಗ ಮಾತ್ರ ಏನೋ ಚುಚ್ಚಿತು. ನನ್ನ ವಿಡಿಯೊದಲ್ಲಿ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಚಿತ್ರ ಚೆಂದ ಬರಲೆಂದು ನಾನೇ ಹಮಾಲರನ್ನು "ಒಂಚೂರು ಆಚೆ ಕೂರ್ರಿ ಕಾಕಾ" ಎಂದು ಎಬ್ಬಿಸಿದ್ದೆ. ಯಂತ್ರ ಬರುವ ಎರಡು ದಿನ ಮೊದಲೇ ಅವರನ್ನು ಆ ಕಟ್ಟೆಯಿಂದ ಎಬ್ಬಿಸಿದವಳು ನಾನು.

ಆ ವಾರವೇ ನಳಿನಿ ಮಲಾನಿಯವರ 'ಯುಟೋಪಿಯಾ' ಕುರಿತು ಬರೆಯಬೇಕಿತ್ತು. ಅದು ಅಕ್ಕಪಕ್ಕ ಎರಡು ಪರದೆಗಳಲ್ಲಿ ಓಡುವ ಕೃತಿ. ಒಂದು, 1969ರಲ್ಲಿ ಮುಂಬೈಯಲ್ಲಿ ಅಕ್ಬರ್ ಪದಮ್ಸಿ ನಡೆಸಿದ ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪಿನಲ್ಲಿ ಮಾಡಿದ್ದು. ಪುಟ್ಟ ಮಾದರಿ ಕಟ್ಟಡಗಳನ್ನು ಬಣ್ಣದ ಬೆಳಕಿನಲ್ಲಿ ಇಟ್ಟು ಒಂದೊಂದೇ ಚೌಕಟ್ಟಾಗಿ ಚಿತ್ರಿಸಿದ ಅದರ ಹೆಸರು 'ಡ್ರೀಮ್ ಹೌಸಸ್'. ಹೊಸ ದೇಶಕ್ಕೆ ಹೊಸ ಮನೆಗಳು ಎಂಬ ನೆಹರೂ ಕಾಲದ ಕನಸು ಅಲ್ಲಿದೆ. ಇನ್ನೊಂದು 1976ರ ಕಪ್ಪು-ಬಿಳುಪು ಚಿತ್ರ. ಅದರಲ್ಲಿ ಎತ್ತರದಲ್ಲಿ ನಿಂತ ಯುವತಿಯೊಬ್ಬಳು ಮುಂಬೈಯನ್ನು ನೋಡುತ್ತಾಳೆ. ಕನಸಿನ ಮನೆಗಳಿರಬೇಕಾದ ಕಡೆ ಗುಡಿಸಲುಗಳಿವೆ. ಎರಡರ ನಡುವೆ ಏಳು ವರ್ಷ. ಈ ಕೃತಿಯ ಬಗ್ಗೆ ಬರೆದವರೆಲ್ಲ ಮುರಿದ ಕನಸಿನ ಬಗ್ಗೆ ಬರೆಯುತ್ತಾರೆ, ಅದು ಸರಿಯೇ. ನನ್ನ ಕಣ್ಣು ಈ ಸಲ ಆ ಯುವತಿಯ ಮೇಲೆ ನಿಂತಿತು. ಮಲಾನಿ ನೋಡುವವಳನ್ನೂ ಚಿತ್ರದೊಳಗೆ ಇಟ್ಟಿದ್ದಾರೆ. ಅವಳು ಎಲ್ಲಿ ನಿಂತು ನೋಡುತ್ತಿದ್ದಾಳೆ ಎಂಬುದು ನಮಗೆ ಗೊತ್ತಾಗುತ್ತದೆ. ನಾನು ಎಲ್ಲಿ ನಿಂತಿದ್ದೆ? ಟ್ರೈಪಾಡಿನ ಹಿಂದೆ, ಯಾರಿಗೂ ಕಾಣದ ಹಾಗೆ.

ಎರಡನೆಯ ಕೆಲಸಕ್ಕೆ ನಾನು ಹರಿಹರ ಆರಿಸಿಕೊಂಡೆ. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ನಮ್ಮ ದೊಡ್ಡಪ್ಪ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಅದರ ಸುತ್ತ ಎದ್ದ ಊರಿನ ಹೆಸರು ಯಂತ್ರಾಪುರ. ಕಾರ್ಖಾನೆಯ ಪಕ್ಕದಲ್ಲೇ ಕೆಲಸಗಾರರ ಊರು ಕಟ್ಟುವುದು ಆ ಮನೆತನಕ್ಕೆ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಮೊದಲು ಬೆಳಗಾವಿಯಲ್ಲಿ ಕೆಲಸ ನಡೆಸುತ್ತಿದ್ದರು. ಪುರಸಭೆ ಹೊಸ ಬಡಾವಣೆಗೆಂದು ಆ ಜಾಗ ತೆರವು ಮಾಡಿಸಿದ್ದರಿಂದ ಔಂಧ ಸಂಸ್ಥಾನಕ್ಕೆ ಹೋಗಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಊರು ಹಿಗ್ಗಿಸಲು ಎಬ್ಬಿಸಲ್ಪಟ್ಟವರೇ ಮುಂದೆ ಊರು ಕಟ್ಟಿದ ಕತೆ ಇದು. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ದೊಡ್ಡಪ್ಪನವರು ಕ್ವಾರ್ಟರ್ಸ್ ಬಿಟ್ಟಾಗ ನಾನು ತೀರಾ ಚಿಕ್ಕವಳು. ನನಗೆ ನೆನಪಿರುವುದು ಕೆಂಪು ಗಾರೆಯ ನೆಲ, ಅದರ ತಂಪು, ಅಷ್ಟೇ.

"ದೊಡ್ಡಪ್ಪ, ನಿಮ್ಮ ಹಳೇ ಮನೆ ತೋರಿಸಿ, ಶೂಟ್ ಮಾಡ್ತೀನಿ" ಎಂದೆ. ಅವರು ಬರಲೊಲ್ಲೆ ಎಂದರು. "ಅಲ್ಲೇನೈತವ್ವ ನೋಡಾಕೆ? ಗೋಡಿ ನೋಡಿ ಏನ್ ಮಾಡ್ತಿ?" ಎರಡು ಸಲ ಕೇಳಿದೆ, ಎರಡು ಸಲವೂ ಅದೇ ಮಾತು. ಮೂರನೆಯ ಸಲ ಮಾತ್ರ, ಊಟವಾದ ಮೇಲೆ, "ನಿಂಗೆ ಮನಿ ಬೇಕಲ್ಲ, ಬಾ" ಎಂದು ಮಹಡಿಗೆ ಕರೆದುಕೊಂಡು ಹೋದರು. ಕೈಯಲ್ಲಿ ಮೊಮ್ಮಗನ ಸೀಮೆಸುಣ್ಣ ಮತ್ತು ತಮ್ಮ ಹಳೇ ಟೇಪು.

ಮಹಡಿಯ ಮೇಲೆ ಅವರು ಕ್ವಾರ್ಟರ್ಸಿನ ನಕ್ಷೆ ಬರೆಯತೊಡಗಿದರು. ಚಿಕ್ಕದಾಗಿ ಅಲ್ಲ, ಇದ್ದಷ್ಟೇ ದೊಡ್ಡದಾಗಿ. ಮುಂದಿನ ಕೋಣೆ ಹತ್ತು ಅಡಿಗೆ ಹನ್ನೆರಡು. ಒಳಕೋಣೆ ಅದಕ್ಕಿಂತ ಒಂದು ಅಡಿ ಕಡಿಮೆ. ಬಾಗಿಲು ಎರಡು ಅಡಿ ಒಂಬತ್ತು ಇಂಚು. ಕೂತು, ಎದ್ದು, ಗೆರೆ ಎಳೆದು, ಅಳಿಸಿ ಮತ್ತೆ ಎಳೆದರು. ನಾನು ಅವಸರಪಟ್ಟಾಗ, "ಗೆರಿ ದಪ್ಪನೂ ಒಂದು ಅಳತಿನ. ಗೋಡಿ ಗೆರಿ ಒಳಗೈತೋ ಹೊರಗೈತೋ ಮೊದ್ಲು ಹೇಳು" ಎಂದರು. ಜೀವನವೆಲ್ಲ ಕೂದಲೆಳೆಯಷ್ಟು ತಪ್ಪಾದರೂ ಭಾಗವನ್ನು ಗುಜರಿಗೆ ಹಾಕುತ್ತಿದ್ದ ಮನುಷ್ಯ. ಇಪ್ಪತ್ತು ವರ್ಷದ ಮೇಲೂ ಕಿಟಕಿ ಎಲ್ಲಿತ್ತೆಂದು ಅವರು ಯೋಚಿಸಲಿಲ್ಲ. ಕೈ ತಾನಾಗಿ ಅಲ್ಲಿಗೆ ಹೋಯಿತು. ಒಳಕೋಣೆಗೆ ದಾಟುವಾಗ ತಲೆ ಬಗ್ಗಿಸಿದರು. ಮೇಲೆ ಏನೂ ಇರಲಿಲ್ಲ, ಆಕಾಶವಿತ್ತು. ಅವರು ಎತ್ತರದ ಆಳು. ಆ ಬಾಗಿಲಿಗೆ ಎಷ್ಟು ಸಲ ಹಣೆ ಬಡಿದಿತ್ತೋ.

ಅಷ್ಟರಲ್ಲಿ ದೊಡ್ಡವ್ವ ಹಪ್ಪಳ ಎತ್ತಲು ಮೇಲೆ ಬಂದರು. ನಿಂತು ನೋಡಿದರು. "ಇದೇನಿದು, ನಲ್ಲಿ ಇಲ್ಲೆಲ್ಲಿತ್ತು?" ಎಂದರು. ದೊಡ್ಡಪ್ಪ, ಇಲ್ಲೇ ಇತ್ತು ಎಂದರು. "ನೀವು ಒಂದಿನ ನೀರು ಹಿಡಿದೀರಾ? ನಲ್ಲಿ ಹಿತ್ತಲಾಗ, ಆ ಮೂಲಿಗೆ. ಕೊಡ ಹೊತ್ಕೊಂಡು ಬರಾಗ ಈ ಮೆಟ್ಲು ದಾಟ್ಬೇಕಿತ್ತು" ಎನ್ನುತ್ತ ಸೀಮೆಸುಣ್ಣ ಕಿತ್ತುಕೊಂಡು ಒಂದು ಸೊನ್ನೆ ಹಾಕಿದರು. ಆಮೇಲೆ ನಿಲ್ಲಲಿಲ್ಲ. ಒಲೆಯ ಜಾಗ, ಬಾಣಂತಿ ಹಾಸಿಗೆಯ ಜಾಗ, ಮಳೆ ಬಂದರೆ ಬೋಗುಣಿ ಇಡುತ್ತಿದ್ದ ಮೂರು ಜಾಗ, ಪಕ್ಕದ ಮನೆಯವಳ ಜೊತೆ ಮಾತಾಡಲು ನಿಲ್ಲುತ್ತಿದ್ದ ಜಾಗ. ಅಳತೆ ಪಟ್ಟಿ ಮುಟ್ಟಲಿಲ್ಲ. ಹೆಜ್ಜೆ, ಗೇಣು, ಮಾರುಗಳಲ್ಲಿ ಎಲ್ಲವನ್ನೂ ಬರೆದರು. ಅವರ ಅಡುಗೆಮನೆ ದೊಡ್ಡಪ್ಪನ ಅಡುಗೆಮನೆಗಿಂತ ಒಂದು ಅಡಿ ದೊಡ್ಡದಾಗಿತ್ತು. ಇಬ್ಬರೂ ಬಿಟ್ಟುಕೊಡಲಿಲ್ಲ. ನಾನು ಟ್ರೈಪಾಡು ಮಡಿಚಿ, ಕ್ಯಾಮೆರಾ ಕೈಯಲ್ಲಿ ಹಿಡಿದು ಆ ಗೆರೆಗಳ ಒಳಗೆ ಹೋದೆ. "ಚಪ್ಲಿ ಬಿಡೇ, ಅಡಿಗಿ ಮನಿ ಅದು" ಎಂದು ದೊಡ್ಡವ್ವ ಗದರಿದರು. ಬಿಟ್ಟೆ.

ನಲವತ್ತೊಂದು ನಿಮಿಷದ ಆ ವಿಡಿಯೊದಲ್ಲಿ ಒಂದೇ ಒಂದು ಗೋಡೆಯಿಲ್ಲ. ನನ್ನ ಕೆಂಪು ನೆಲವೂ ಇಲ್ಲ. ಆದರೆ ಕ್ವಾರ್ಟರ್ಸ್ ಎಂದರೆ ಏನು ಎಂದು ನನಗೆ ಗೊತ್ತಾದದ್ದು ಅಲ್ಲಿ. ಕಟ್ಟಿದವರ ನಕ್ಷೆಯಲ್ಲಿ ಎಲ್ಲ ಮನೆ ಒಂದೇ. ಬದುಕಿದವರ ನಕ್ಷೆಯಲ್ಲಿ ಒಂದೇ ಮನೆಯಲ್ಲಿ ಎರಡು ಮನೆ.

ಇದನ್ನು ಸೆಮಿನಾರಿನಲ್ಲಿ ತೋರಿಸಿದಾಗ ಹಿರಿಯರೊಬ್ಬರು ಎತ್ತಿದ ಪ್ರಶ್ನೆ ಸುಲಭದ್ದಾಗಿರಲಿಲ್ಲ. "ಇದೆಲ್ಲ ಸರಿ. ಆದರೆ ಮನೆ ಕಳೆದುಕೊಂಡವರಿಗೆ ಇದರಿಂದ ಏನು? ಈಜೀಪುರದವರಿಗೆ ಸೀಮೆಸುಣ್ಣ ಕೊಡ್ತೀಯಾ?" ಎಂದರು. ಬೆಂಗಳೂರಿನ ಕೋರಮಂಗಲದ ಪಕ್ಕದ ಈಜೀಪುರದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗಾಗಿ ಪಾಲಿಕೆ ಕಟ್ಟಿಸಿದ್ದ ವಸತಿಗೃಹಗಳಿದ್ದವು. ಕೆಲವು ಕಟ್ಟಡಗಳು ಮೊದಲೇ ಕುಸಿದಿದ್ದವು. 2013ರ ಜನವರಿಯಲ್ಲಿ, ಅಲ್ಲಿ ಎದ್ದಿದ್ದ ತಾತ್ಕಾಲಿಕ ಶೆಡ್ಡುಗಳನ್ನು ಯಂತ್ರ ತಂದು ಕೆಡವಿದಾಗ ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಪಾದಚಾರಿ ಮಾರ್ಗದಲ್ಲೇ ವರ್ಷಗಟ್ಟಲೆ ಇದ್ದವರಿದ್ದಾರೆ. ಆಗ ಚಿತ್ರಿಸಿದ ವಿಡಿಯೊಗಳು ಅಂತರ್ಜಾಲದಲ್ಲಿ ಈಗಲೂ ಇವೆ. ಅಲುಗಾಡುತ್ತವೆ, ಕಿರುಚುತ್ತವೆ, ಯಾರೂ ಅವುಗಳನ್ನು ಕಲೆ ಎನ್ನುವುದಿಲ್ಲ. ಅವು ಸಾಕ್ಷಿ.

ಆ ಪ್ರಶ್ನೆಯನ್ನು ತುಂಬ ದಿನ ಹೊತ್ತು ತಿರುಗಿದೆ. ಒಂದು ಉತ್ತರ ನಿಜ: ಸೀಮೆಸುಣ್ಣದ ಗೆರೆಯಿಂದ ಯಾರಿಗೂ ಮನೆ ಸಿಗುವುದಿಲ್ಲ. ರಾಬಿನ್ ಹುಡ್ ಗಾರ್ಡನ್ಸಿನ ತುಂಡನ್ನು ಮ್ಯೂಸಿಯಂ ಉಳಿಸಿತು, ಅಲ್ಲಿನ ನೆರೆಹೊರೆಯನ್ನಲ್ಲ. ಆದರೆ ಇನ್ನೊಂದು ವಿಷಯವೂ ನನಗೆ ಕಾಣತೊಡಗಿತು. ಲಂಡನ್ನಿನ ಬಾಡಿಗೆದಾರರು, ಈಜೀಪುರದವರು, ಯಂತ್ರಾಪುರದ ಕೆಲಸಗಾರರು, ಮಂಡಿಪೇಟೆಯ ಗುಮಾಸ್ತನ ಹೆಂಡತಿ. ಇವರಲ್ಲಿ ಬಹುಪಾಲು ಜನರ ಹೆಸರಿನಲ್ಲಿ ಗೋಡೆಯಿಲ್ಲ. ನಗರ ನವೀಕರಣದ ಮಾತು ಬಂದಾಗ ಕಾಗದ ಕೇಳುತ್ತದೆ: ಯಾರ ಸ್ವತ್ತು, ಎಷ್ಟು ಚದರಡಿ? ಸ್ವತ್ತಿಲ್ಲದವರ ಹತ್ತಿರ ಆ ಪ್ರಶ್ನೆಗೆ ಉತ್ತರವಿಲ್ಲ. ಅವರ ಹತ್ತಿರ ಇರುವುದು ಬೇರೆ ಅಳತೆ. ಎಷ್ಟು ಕೊಡ ನೀರು, ಎಷ್ಟು ಬೋಗುಣಿ, ಎಷ್ಟು ಸಲ ಸಾರಿಸಿದ್ದು. ಮನೆಯನ್ನು ಮನೆಯಾಗಿ ಇಟ್ಟ ದುಡಿಮೆ ಅದು. ಅದನ್ನು ಯಾವ ನಕ್ಷೆಯೂ ಕೇಳುವುದಿಲ್ಲ. ಕೇಳುವಷ್ಟು ಹೊತ್ತು ವಿಡಿಯೊದಲ್ಲಿದೆ. ಛಾಯಾಚಿತ್ರಕ್ಕೆ ಒಂದು ಕ್ಷಣ ಸಾಕು, ಸಿನಿಮಾಕ್ಕೆ ಕತೆ ಬೇಕು. ಇಬ್ಬರು ಮುದುಕರು ಅಡುಗೆಮನೆಯ ಒಂದು ಅಡಿಗಾಗಿ ನಲವತ್ತು ನಿಮಿಷ ಜಗಳವಾಡಲು ವಿಡಿಯೊದಷ್ಟು ತಾಳ್ಮೆಯ ಜಾಗ ಬೇರೆಯಿಲ್ಲ. ಹಾಗಂತ ಅದು ಸಾಕ್ಷಿಯ ಬದಲಿಗೆ ಬರುವುದಿಲ್ಲ. ಸಾಕ್ಷಿಯ ಪಕ್ಕದಲ್ಲಿ ಕೂರಬಹುದು.

ಆ ಹಿರಿಯರಿಗೆ ಇಷ್ಟನ್ನು ಬರೆದು ಕೊಟ್ಟೆ. ಪೂರ್ತಿ ಒಪ್ಪಲಿಲ್ಲ. "ಬಾಡಿಗೆದಾರರ ಅಳತೆ ಎಂಬುದನ್ನು ಇಟ್ಟುಕೋ, ಉಳಿದದ್ದನ್ನು ಇನ್ನೂ ಯೋಚಿಸು" ಎಂದರು. ಯೋಚಿಸುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ನಮ್ಮ ಓಣಿ ಚೊಕ್ಕಟವಾಗಿತ್ತು. ಮೊದಲೆಲ್ಲ ಜೋರು ಮಳೆ ಬಂದರೆ ಚರಂಡಿ ನೀರು ಮಂಡಿಯೊಳಗೆ ನುಗ್ಗುತ್ತಿತ್ತು. ಈಗ ನುಗ್ಗುವುದಿಲ್ಲ. ಅವ್ವನೇ ಅದನ್ನು ಮೊದಲು ಹೇಳಿದಳು, ಖುಷಿಯಿಂದಲೇ. ಹಳೆಯದೆಲ್ಲ ಒಳ್ಳೆಯದು ಎಂದು ನಾನು ಬರೆದುಕೊಂಡಿದ್ದ ಒಂದೆರಡು ಸಾಲು ಹೊಡೆದುಹಾಕಬೇಕಾಯಿತು.

ಸಂಜೆ ಬಾಗಿಲ ಮುಂದೆ ನಿಂತು, "ಅವ್ವ, ಕಟ್ಟೆ ಎಷ್ಟು ಉದ್ದ ಇತ್ತು?" ಎಂದು ಕೇಳಿದೆ. ಹಳೆಯ ವಿಡಿಯೊದಲ್ಲಿ ಕಟ್ಟೆ ಪೂರ್ತಿ ಇದೆ. ಅಳತೆ ಮಾತ್ರ ಇಲ್ಲ.

ಅವ್ವ ಯೋಚಿಸಿದಳು. "ನಾಕು ಜನ ಕೂರಬಹುದಿತ್ತು. ಮೂರು ಜನ ಕೂತ್ರೆ ಒಬ್ರು ಮಲಗಬಹುದಿತ್ತು. ನೀನು ಹುಟ್ಟೋ ಮುಂದೆ ನೋವು ಬಂದಾಗ ಹಮಾಲ್ರು ಎಲ್ರೂ ಎದ್ದು ನನ್ನ ಅಲ್ಲೇ ಮಲಗಿಸಿದ್ರು, ಆಟೋ ಬರೋತನಕ" ಎಂದಳು.

ಇದು ನನಗೆ ಗೊತ್ತಿರಲಿಲ್ಲ. ಕ್ಯಾಮೆರಾ ಒಳಗಿತ್ತು. ತರಲು ಎದ್ದೆ. ಅವ್ವ ಕೈ ಹಿಡಿದು, "ಕೂತ್ಕೊ, ಇನ್ನೂ ಐತಿ" ಎಂದಳು. ಇಬ್ಬರೂ ಹೊಸ್ತಿಲಲ್ಲೇ ಕೂತೆವು.